ಹಿಂದೆ ಹೇಳಿದ ಸಾಲು

ಮೂರನೇ ಫ್ಯಾನು ಎರಡು ಸುತ್ತಿಗೊಮ್ಮೆ ಟಕ್ ಎನ್ನುತ್ತಿದೆ, ಸರಿಯಾಗಿ ತಾಳಕ್ಕೆ, ಹಾಲು ಉಕ್ಕಿ ಹೋಯಿತು ಟಕ್, ಮಾತು ಇನ್ನೂ ಮುಗಿಯಲಿಲ್ಲ ಟಕ್, ಛೆ, ಬೆಳಗ್ಗಿನಿಂದ ತಲೆಯಲ್ಲಿ ಇದೇ ಹಾಡು, ಹತ್ತು ವರ್ಷದಿಂದ ಊರಿಡೀ ಇದೇ, ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ, ಕಡಬದ ಮೊಬೈಲ್ ಅಂಗಡಿಯಲ್ಲಿ, ನಾನು ಪಾಠ ಹೇಳುವ ಆಲಂಕಾರಿನ ಶಾಲೆಯ ವಾರ್ಷಿಕೋತ್ಸವದಲ್ಲಿ, ಈಗ ಸುಳ್ಯದ ಈ ಸಭಾಭವನದಲ್ಲಿ ನನ್ನ ಮಗಳು ಯಶಸ್ವಿ ಕುಣಿಯಲಿರುವುದೂ ಇದಕ್ಕೇ. ಅಣ್ಣನ ಮಗಳ ಮದುವೆ, ಧಾರೆ ಮುಗಿಯಿತು, ಊಟಕ್ಕೆ ಎಲೆ ಹಾಕುವ ಮೊದಲು ಮಕ್ಕಳ ಡ್ಯಾನ್ಸ್ ಅಂತೆ, ನನ್ನನ್ನು ವೀಳ್ಯದ ಹರಿವಾಣದ ಬಳಿ ಕೂರಿಸಿದ್ದಾರೆ, ಟೀಚರಲ್ಲವಾ, ಕೂತ ಕಡೆ ಕೂತಿರುತ್ತಾಳೆ ಎಂಬ ಲೆಕ್ಕ, ಎಲೆಗೆ ಸುಣ್ಣ ಸವರಿ ಸವರಿ ತೋರುಬೆರಳು ಬೆಳ್ಳಗಾಗಿದೆ. ಪರ್ಸಿನ ಒಳಜಿಪ್ಪಿನಲ್ಲಿ ಪೆನ್‌ಡ್ರೈವ್ ಇದೆ, ಈಗಷ್ಟೇ ನೋಡಿದೆ, ಇನ್ನೊಮ್ಮೆ ನೋಡುತ್ತೇನೆ, ಇದೆ. ಅದರೊಳಗೆ ಅವ್ವ ಇದ್ದಾಳೆ, ಒಂದೇ ಒಂದು ಸಾಲು. ಕಳೆದ ಆಟಿ ತಿಂಗಳ ಮಳೆಯಲ್ಲಿ ತೀರಿಕೊಂಡಳು, ನಮ್ಮೂರು ಮಂಡೆಕೋಲಿನಲ್ಲಿ ನೀಲಾವತಿಯಕ್ಕ ಎಂದರೆ ಶೋಭಾನೆ ಹಾಡು, ಶೋಭಾನೆ ಎಂದರೆ ನೀಲಾವತಿಯಕ್ಕ, ನಮ್ಮ ಗೌಡರ ಮದುವೆಗಳಲ್ಲಿ ಅವಳೊಂದು ಸಾಲು ಎತ್ತಿದರೆ ಹಿಂದಿದ್ದ ಹೆಂಗಸರೆಲ್ಲ ಅದೇ ಸಾಲನ್ನು ಹಿಂದಿರುಗಿಸಬೇಕು, ಸಾಲು ಒಂಟಿಯಾಗಿ ಬಿದ್ದಿರಬಾರದು, ಅಷ್ಟೇ ಅದರ ಶಾಸ್ತ್ರ. ಇಂದು ಧಾರೆಗೆ ಯಾರೂ ಎತ್ತಲಿಲ್ಲ, ರೆಕಾರ್ಡಿನ ನಾದಸ್ವರ ಹಾಕಿದರು, ಎರಡನೇ ಸಾಲಿನ ಅಜ್ಜಿಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟೊಂದು ಮದುವೆಗಳಲ್ಲಿ ಹಾಡಿದವಳ ದನಿ ಎಲ್ಲಾದರೂ ಇರಬೇಕಲ್ಲ ಎಂದು ನೆಂಟರ ಮನೆಯ ಮದುವೆ ವೀಡಿಯೋಗಳನ್ನೆಲ್ಲ ತರಿಸಿ ನೋಡಿದೆ, ಎಲ್ಲದರಲ್ಲೂ ವೀಡಿಯೋದವರು ಮೇಲೆ ಸಿನಿಮಾ ಹಾಡು ಹಾಕಿದ್ದಾರೆ, ಅವ್ವನ ಬಾಯಿ ಆಡುತ್ತದೆ, ಕೇಳುವುದು ಬೇರೆ ಯಾರದೋ ಪ್ರೇಮಗೀತೆ. ಹನ್ನೊಂದು ವೀಡಿಯೋ ನೋಡಿ ಹನ್ನೊಂದಕ್ಕೂ ಅತ್ತೆ.

ಈ ಹಾಡು ಬಂದ ಟೀವಿ ಹಾಸ್ಯ ಧಾರಾವಾಹಿಯ ಹೆಸರು ತಾಳ ತಪ್ಪಿದ ಮನೆ, ವಾರಕ್ಕೊಂದು ಕಂತು, ಕಂತಿಗೊಂದು ಹಾಡು, ಸೊಸೆಗೆ ಗ್ಯಾಸ್ ಮುಗಿದರೂ ಹಾಡು, ಮಾವನಿಗೆ ಹಲ್ಲುನೋವು ಬಂದರೂ ಹಾಡು, ಆ ವಾರ ಸೊಸೆ ಫೋನಿನಲ್ಲಿ ಹರಟುತ್ತಿರುವಾಗ ಒಲೆಯ ಮೇಲೆ ಹಾಲು ಉಕ್ಕಬೇಕಿತ್ತು. ಆ ಹಾಡಿಗೆ ನನ್ನನ್ನು ಕರೆದದ್ದು ಪುತ್ತೂರಿನಲ್ಲಿ ಚಪ್ಪಲಿ ಅಂಗಡಿಯ ಮಾಳಿಗೆಯಲ್ಲಿದ್ದ ಸುದರ್ಶನನ ಸ್ಟುಡಿಯೋಗೆ, ಒಂದೇ ಕೋಣೆ, ಸದ್ದು ಹೀರಲೆಂದು ಗೋಡೆಗೆಲ್ಲ ಮೊಟ್ಟೆಯ ಟ್ರೇ, ಹಾಡಿಸುವವನೂ ಹಾಡುವವಳೂ ಒಂದೇ ಕಡೆ. ಇದು ಬರೀ ಟ್ರ್ಯಾಕ್ ಹೇಮಶ್ರೀ, ಮೇನ್ ಸಿಂಗರ್ ಶನಿವಾರ ಬರ್ತಾರೆ, ಅವರಿಗೆ ಕೇಳಿಸ್ಲಿಕ್ಕೆ ಮಾತ್ರ, ನೀನು ಹೇಗೆ ಹಾಡಿದ್ರೂ ಆಗ್ತದೆ, ಎಂದ ಸುದರ್ಶನ. ಹೇಗೆ ಹಾಡಿದರೂ ಆಗುತ್ತದೆ ಎಂದ ಮೇಲೆ ನಾನು ಹೇಗೇಗೋ ಹಾಡಿದೆ, ಚಪ್ಪಲಿ ಬಿಚ್ಚಿ, ಸೊಂಟಕ್ಕೆ ಕೈಕೊಟ್ಟು. ಅವ್ವ ನನ್ನ ಕಾವಲಿಗೆಂದು ಬಂದವಳು, ಮೂಲೆಯ ಸ್ಟೂಲಿನಲ್ಲಿ ಮಡಿಲ ಮೇಲೆ ಹಳದಿ ಚೀಲ ಇಟ್ಟುಕೊಂಡು ಕೂತಿದ್ದಳು, ಅಮ್ಮ ನೀವು ಉಸಿರಾಡುದು ಕೂಡ ಮೆಲ್ಲ ಆಯ್ತಾ ಎಂದು ಸುದರ್ಶನ ಎರಡು ಸಲ ಹೇಳಿದ್ದ. ನಾನು ಮಾತು ಇನ್ನೂ ಮುಗಿಯಲಿಲ್ಲ ಎಂದೆ, ಹಿಂದಿನಿಂದ, ಮೂಲೆಯಿಂದ, ಒಡೆದ ದನಿಯಲ್ಲಿ, ಮಾತು ಇನ್ನೂ ಮುಗಿಯಲಿಲ್ಲ, ಸಾಲನ್ನು ಹಿಂದಿರುಗಿಸಿಯೇ ಬಿಟ್ಟಳು! ತಿರುಗಿ ನೋಡುತ್ತೇನೆ, ಅವ್ವನ ಕೈ ಬಾಯಿಯ ಮೇಲೆ, ತೋರುಬೆರಳ ತುದಿಯಲ್ಲಿ ಎಲೆಯಡಿಕೆಯ ಸುಣ್ಣ, ಮೇಲೆ ಎರಡು ಕಣ್ಣು, ಕಳ್ಳತನದಲ್ಲಿ ಸಿಕ್ಕಿಬಿದ್ದವರ ಕಣ್ಣು, ನನಗೆ ನಗು ತಡೆಯಲಾಗಲಿಲ್ಲ, ನಗುತ್ತಲೇ ಮುಂದಿನ ಸಾಲು ಹಾಡಿದೆ, ಟ್ರ್ಯಾಕ್ ಅಲ್ಲವಾ. ಆಮೇಲೆ ಮೆಟ್ಟಿಲಿಳಿಯುವಾಗ ಬೈದೆ, ಎಂತ ಅವ್ವಾ ನೀನು. ಅವ್ವ ನಮ್ಮ ಅರೆಭಾಷೆಯಲ್ಲಿ ಅಂದಳು, ಒಬ್ಬಳೇ ಹಾಡಿರೆ ಹೆಂಗೆ ಗೂಡೆ, ಹಿಂದೆ ಹೇಳಿಕೆ ಜನ ಬೇಡ್ವಾ, ನಂಗೆ ಗೊತ್ತಿಲ್ಲೆ, ಬಾಯಿ ತನ್ನಿಂತಾನೇ ಹೋತ್.

ಮೇನ್ ಸಿಂಗರಿಗೆ ಗಂಟಲು ಕಟ್ಟಿತು, ಶನಿವಾರ ಬರಲಿಲ್ಲ, ಕಂತು ನಿಲ್ಲುವಂತಿಲ್ಲ, ಟ್ರ್ಯಾಕನ್ನೇ ಹಾಕಿದರು, ನಗು ಸಮೇತ, ಅವ್ವ ಸಮೇತ. ಸೊಸೆಯ ಪಾತ್ರದವಳು ನನ್ನ ದನಿಗೆ ಬಾಯಾಡಿಸಿದಳು, ಅತ್ತೆಯ ಪಾತ್ರದವಳು ಸೌಟು ಎತ್ತಿ ಅವ್ವನ ಸಾಲಿಗೆ ಬಾಯಾಡಿಸಿದಳು, ಆ ಸೌಟು, ಆ ನಗು, ಅಷ್ಟಕ್ಕೇ ಹಾಡು ಹಿಟ್ಟಾಯಿತು, ಹಾಡಿದವರ ಹೆಸರು ಹಾಕುವಲ್ಲಿ ಸೊಸೆಯ ಪಾತ್ರದವಳ ಹೆಸರೇ ಬಂತು. ಬೇಸರ ಆಯಿತಾ? ಆಯಿತು, ಇಲ್ಲ ಎಂದರೆ ಸುಳ್ಳು. ಅವ್ವನಿಗೆ ಆಗಲಿಲ್ಲ, ಟೀವಿಯಲ್ಲಿ ಹಾಡು ಬಂದಾಗೆಲ್ಲ ಅವಳ ಸಾಲು ಬರುವ ಹೊತ್ತಿಗೆ ಸರಿಯಾಗಿ ಕೈ ಬಾಯಿಗೆ ಹೋಗುತ್ತಿತ್ತು, ಪ್ರತಿ ಸಲವೂ, ಈಗಷ್ಟೇ ತಪ್ಪು ಮಾಡಿದವಳ ಹಾಗೆ. ಈಗ ಹತ್ತು ವರ್ಷ ಆಯಿತೆಂದು ಚಾನೆಲಿನವರು ಹಳೆಯದನ್ನು ನೆಟ್ಟಿನಿಂದ ತೆಗೆದು ಹೊಸದಾಗಿ ಹಾಡಿಸಿ ಹಾಕಿದ್ದಾರೆ, ಹಳೆಯದರಲ್ಲಿ ಗದ್ದಲ ಜಾಸ್ತಿ ಇತ್ತಂತೆ. ಗದ್ದಲ. ಅವ್ವನ ಸಾಲಿದ್ದ ಜಾಗದಲ್ಲಿ ಈಗ ಡ್ರಮ್ಮಿನ ನಾಲ್ಕು ಪೆಟ್ಟು. ಸುದರ್ಶನನ ಕಂಪ್ಯೂಟರ್ ಸಿಡಿಲಿಗೆ ಹೋಗಿದೆ, ಅದಕ್ಕೂ ಮೊದಲು ಅವನು ಹಾಕಿಕೊಟ್ಟ ಈ ಪೆನ್‌ಡ್ರೈವ್ ಒಂದು ಉಳಿದಿದೆ, ಕಾಪಿ ಮಾಡಿಸಬೇಕು ಮಾಡಿಸಬೇಕು ಎಂದುಕೊಂಡೇ ಆರು ತಿಂಗಳು ಕಳೆದವಳು ನಾನು, ಮಕ್ಕಳಿಗೆ ಮಾತ್ರ ನಾಳೆಯ ಕೆಲಸ ಇಂದೇ ಮಾಡಿ ಎಂದು ಬೋರ್ಡಿನಲ್ಲಿ ಬರೆಸುತ್ತೇನೆ. ಯಶಸ್ವಿ ಮನೆಯಲ್ಲಿ ಟೀವಿಗೆ ಸಿಕ್ಕಿಸಿ ಇದರಲ್ಲೇ ಅಭ್ಯಾಸ ಮಾಡಿದ್ದಾಳೆ, ಅಜ್ಜಿಯ ಸಾಲಿಗೆ ಸೌಟು ಹಿಡಿದು ಹಿಂದಕ್ಕೆ ತಿರುಗಿ ನಿಲ್ಲುತ್ತಾಳೆ, ಅವಳೇ ಮಾಡಿಕೊಂಡ ಸ್ಟೆಪ್ಪು. ಒಂದು ಸಲ, ಒಂದೇ ಸಲ ಅವ್ವ ಮದುವೆ ಮನೆಯಲ್ಲಿ ದೊಡ್ಡ ಸ್ಪೀಕರಿನಲ್ಲಿ ಕೇಳಲಿ, ಅವಳ ಮೊಮ್ಮಗಳ ಮದುವೆಯಲ್ಲಿ ಒಂದು ಸಾಲಾದರೂ ಅವಳದ್ದಿರಲಿ, ಅದಕ್ಕೇ ತಂದದ್ದು, ಬೇರೆ ಆಸೆ ಇಲ್ಲ.

ಕರೆಯುತ್ತಿದ್ದಾರೆ, ಸೌಂಡ್ಸಿನ ಅಬ್ದುಲ್ ರಹ್ಮಾನ್, ಟೀಚರೇ ಪೆನ್‌ಡ್ರೈವ್ ಕೊಡಿ. ಕೊಟ್ಟೆ. ಲ್ಯಾಪ್‌ಟಾಪಿಗೆ ಸಿಕ್ಕಿಸಿದರು, ತೆಗೆದು ಊದಿದರು, ಅಂಗಿಗೆ ಒರೆಸಿ ಮತ್ತೆ ಸಿಕ್ಕಿಸಿದರು, ನನ್ನ ಎದೆ ಫ್ಯಾನಿಗಿಂತ ಜೋರಾಗಿ ಟಕ್ ಟಕ್. ಇದು ಓಪನ್ ಆಗುದಿಲ್ಲ ಟೀಚರೇ, ಫಾರ್ಮ್ಯಾಟ್ ಮಾಡ್ಬೇಕಾ ಅಂತ ಕೇಳ್ತಾ ಉಂಟು, ಮಾಡ್ಲಾ? ಬೇಡ, ಬೇಡ, ತೆಗೀರಿ ಅದನ್ನು! ನಾನು ಕಿರುಚಿದೆನಾ, ಅಣ್ಣ ತಿರುಗಿ ನೋಡಿದ. ಅಷ್ಟು ಹೆದರುದು ಎಂತಕ್ಕೆ ಮಾರಾಯ್ರೆ, ನೆಟ್ಟಿನಲ್ಲಿ ಉಂಟಲ್ಲ ಅದೇ ಹಾಡು, ಸೌಂಡ್ ಕ್ಲೀನ್ ಉಂಟು, ಹಾಕ್ತೇನೆ. ಅದೇ ಹಾಡು ಅಲ್ಲ ಎಂದು ಅವರಿಗೆ ಹೇಗೆ ಹೇಳಲಿ, ಹೇಳಲು ಹೋದರೆ ಹತ್ತು ವರ್ಷದ ಕಥೆ, ಸ್ಟೇಜಿನಲ್ಲಿ ಮಕ್ಕಳು ಆಗಲೇ ಸಾಲಾಗಿ ನಿಂತಿದ್ದಾರೆ, ಯಶಸ್ವಿ ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದಾಳೆ, ಅವಳಿಗೆ ಗೊತ್ತಿಲ್ಲ. ಹಾಕಿ ಎಂದೆ. ಪೆನ್‌ಡ್ರೈವ್ ಮುಷ್ಟಿಯಲ್ಲಿ ಬೆಚ್ಚಗಿದೆ, ಪುತ್ತೂರಿನಲ್ಲಿ ಯಾರಿಗಾದರೂ ತೋರಿಸಿದರೆ ಆದೀತು, ಆಗದೆಯೂ ಇದ್ದೀತು, ಅವ್ವ ಇನ್ನಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದಾಗ ಇಷ್ಟು ಹೆದರಿರಲಿಲ್ಲ, ನಿಜ ಹೇಳುತ್ತೇನೆ. ಹರಿವಾಣದ ಹತ್ತಿರ ಹೋಗಿ ಕೂರಬೇಕು, ಕೂರಲಾಗುತ್ತಿಲ್ಲ, ಸ್ಪೀಕರಿನ ಪಕ್ಕದಲ್ಲೇ ನಿಂತಿದ್ದೇನೆ. ಹಾಡು ಶುರುವಾಯಿತು, ಚೆನ್ನಾಗಿಯೇ ಹಾಡಿದ್ದಾಳೆ ಹೊಸ ಹುಡುಗಿ, ಒಂದು ಸ್ವರ ಆಚೀಚೆ ಇಲ್ಲ, ಎಲ್ಲ ತೊಳೆದಿಟ್ಟ ಪಾತ್ರೆಯ ಹಾಗೆ, ಮಕ್ಕಳು ಕುಣಿಯುತ್ತಿದ್ದಾರೆ, ಜನ ಚಪ್ಪಾಳೆ ತಟ್ಟುತ್ತಿದ್ದಾರೆ, ಹಾಲು ಉಕ್ಕಿ ಹೋಯಿತು, ಬರುತ್ತಿದೆ, ಆ ಜಾಗ ಬರುತ್ತಿದೆ, ಮಾತು ಇನ್ನೂ ಮುಗಿಯಲಿಲ್ಲ — ಯಶಸ್ವಿ ಹಿಂದಕ್ಕೆ ತಿರುಗಿ ಸೌಟು ಎತ್ತಿ ನಿಂತಳು, ಅಜ್ಜಿಗಾಗಿ ಕಾಯುತ್ತಿದ್ದಾಳೆ, ಡ್ರಮ್ಮಿನ ಒಂದು ಪೆಟ್ಟು, ಸಾಲು ಒಂಟಿಯಾಗಿ ಬಿದ್ದಿದೆ, ಎತ್ತುವವರಿಲ್ಲ —

ಮಾತು ಇನ್ನೂ ಮುಗಿಯಲಿಲ್ಲ! ಯಾರು ಅದು, ಇಷ್ಟು ಜೋರಾಗಿ, ಒಡೆದ ದನಿ, ಸಭೆಯೆಲ್ಲ ಇತ್ತ ತಿರುಗಿದೆ, ಅಬ್ದುಲ್ ರಹ್ಮಾನ್ ಬಾಯಿಬಿಟ್ಟು ನೋಡುತ್ತಿದ್ದಾರೆ, ಎರಡನೇ ಸಾಲಿನ ಅಜ್ಜಿಯಂದಿರು ಕತ್ತು ಉದ್ದ ಮಾಡಿದ್ದಾರೆ, ನಾನಾ, ನಾನೇ, ಯೋಚಿಸಲೇ ಇಲ್ಲ, ಬಾಯಿ ತನ್ನಿಂತಾನೇ ಹೋಯಿತು, ಸ್ಟೇಜಿನಲ್ಲಿ ಯಶಸ್ವಿ ತಿರುಗಿ ನನ್ನನ್ನು ನೋಡಿದಳು, ಸೌಟು ಹಿಡಿದೇ ನಗುತ್ತಿದ್ದಾಳೆ, ತಡೆಯಲಾಗದೆ, ಕುಣಿಯುವುದನ್ನೂ ಬಿಟ್ಟು, ಏನು ನೋಡಿ ನಗುತ್ತಿದ್ದಾಳೆ ಇವಳು, ಏನು ಕಂಡಿತು ಅವಳಿಗೆ, ತುಟಿ ಚುರ್ ಎನ್ನುತ್ತಿದೆ, ಸುಣ್ಣ, ತೋರುಬೆರಳ ಸುಣ್ಣ, ಬಾಯಿಯ ಮೇಲೆ ಕೈ, ನನ್ನ ಕೈ, ಸ್ಟೂಲಿನ ಮೇಲೆ ಅವ್ವ, ಎರಡು ಕಣ್ಣು, ಬಾಯಿಯ ಮೇಲೆ ಕೈ