ಎರಡಾದರೆ ಎಳೆ, ಮೂರಾದರೆ ಬಿಡು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಹೇಳಿದವರ ಪಾಲಿಗೆ ಈ ಹೋಟೆಲಿನ ಸಾಂಬಾರಿನಲ್ಲಿ ಬರೀ ಕರಿಬೇವು ಬರಲಿ. ಸೂರತ್ತಿನಲ್ಲಿ ಕೂತು, ಕಮಲಕ್ಕನ ಸಾಂಬಾರಿನ ಮೇಲೆ ಆಣೆಯಿಟ್ಟು ಯಾರೂ ಸುಳ್ಳು ಹೇಳುವುದಿಲ್ಲ. ನಂಬಿಕೆ ಬಾರದವರು ಎದುರಿನ ಟೇಬಲ್ಲಿನಲ್ಲಿ ತಲೆತಗ್ಗಿಸಿ ಇಡ್ಲಿ ತಿನ್ನುತ್ತಿರುವ ಜನಾರ್ದನರನ್ನೇ ಕೇಳಬಹುದು. ಕಥೆ ಅವರದೇ.

ತೊಂಬತ್ತನಾಲ್ಕರಲ್ಲಿ ಜನಾರ್ದನ ವಡೋದರಾ ಹತ್ತಿರ, ಕೊಯಾಲಿ ಕಡೆಯ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್. ಊರು ಕುಂದಾಪುರ. ಟ್ಯಾಂಕಿನೊಳಗೆ ಸಿಕ್ಕಿಬಿದ್ದವರನ್ನು ಹಗ್ಗದಲ್ಲಿ ಮೇಲೆತ್ತುವ ತಂಡ ಕಟ್ಟಿದ್ದರು. ತಂಡವೆಂದರೆ ಇಬ್ಬರು. ಗದಗಿನ ಹನುಮಂತ ರಾಟೆಯ ಮೇಲಿನ ಹಗ್ಗ ಎಳೆಯುವವನು. ನಂಜನಗೂಡಿನ ನಂಜುಂಡ ಎರಡನೆಯ ಹಗ್ಗ ಹಿಡಿಯುವವನು; ಮೊದಲನೆಯದು ಕಿತ್ತುಹೋದರೆ ಜೀವ ಉಳಿಸುವ ಹಗ್ಗ ಅದು.

ಜನಾರ್ದನರ ಪಾಠ ಚಿಕ್ಕದು. ಒಂದು ಸೀಟಿಗೆ ನಿಲ್ಲಿಸಬೇಕು, ಎರಡಕ್ಕೆ ಎಳೆಯಬೇಕು, ಮೂರಕ್ಕೆ ಇಳಿಸಬೇಕು. ಬಾಯಿಮಾತಿಗೆ ಬೆಲೆಯಿಲ್ಲ. ಅದರಲ್ಲೂ ಒಳಗೆ ಸಿಕ್ಕಿಕೊಂಡವನ ಮಾತಿಗೆ ಕಿವಿಯನ್ನೇ ಕೊಡಬಾರದು; ಹೆದರಿದವನು ಏನನ್ನಾದರೂ ಹೇಳುತ್ತಾನೆ. ಹಿಂದಿನ ತಿಂಗಳು ಪರೀಕ್ಷಿಸಲೆಂದು ಅವರೇ ಟ್ಯಾಂಕಿನ ತಳದಲ್ಲಿ ನಿಂತು "ಎಳೀರಿ, ಎಳೀರಿ" ಎಂದು ಗೋಳಾಡಿದ್ದರು. ಹನುಮಂತ ಪಾಪವೆಂದು ಎಳೆದುಬಿಟ್ಟ. ಇಡೀ ಶಿಫ್ಟಿನ ಎದುರು ಅವನಿಗೆ ಬಿದ್ದ ಬೈಗುಳ ಕ್ಯಾಂಟೀನಿನವರೆಗೂ ಕೇಳಿಸಿತ್ತು.

ಸೀಟಿ ಇದ್ದದ್ದು ಒಂದೇ, ಜನಾರ್ದನರ ಹತ್ತಿರ. ಇನ್ನೊಬ್ಬರ ಬಾಯಿಗೆ ಅದನ್ನು ಕೊಡಲು ಅವರಿಗೆ ಮನಸ್ಸಿರಲಿಲ್ಲ.

ಅಭ್ಯಾಸಕ್ಕೆಂದು ಮರಳು ತುಂಬಿದ ಗೊಂಬೆಯೊಂದಿತ್ತು. ದಸರೆಯಲ್ಲಿ ಕಾಲೊನಿಯವರು ಅದರ ಮರಳು ಸುರಿದು, ಹುಲ್ಲು ತುಂಬಿ, ರಾವಣನ ಹೊಟ್ಟೆ ಮಾಡಿ ಸುಟ್ಟರು. ಹಾಗಾಗಿ ಮುಂದಿನ ಅಭ್ಯಾಸದ ಬೆಳಿಗ್ಗೆ ಜನಾರ್ದನ ತಾವೇ ಗೊಂಬೆಯಾದರು. ಎಚ್ಚರ ತಪ್ಪಿದವನ ಕೈ ಟ್ಯಾಂಕಿನ ಬಾಯಿಗೆ ತಗುಲಬಾರದೆಂದು ಎರಡೂ ಕೈಗಳನ್ನು ಮೈಗೆ ಬಿಗಿಯಾಗಿ ಕಟ್ಟಿಸಿಕೊಂಡರು. ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡರು. ತೊಳೆದು ಒಣಗಿಸಿದ ಖಾಲಿ ಟ್ಯಾಂಕು, ಮೂವತ್ತಡಿ ಆಳ. ಮೂರು ಸೀಟಿ ಊದಿ ಇಳಿದರು. ಎರಡು ಊದಿ ಮೇಲೆ ಹೊರಟರು. ಅರ್ಧ ದಾರಿಯಲ್ಲಿ, ಹಗ್ಗಕ್ಕೆ ಸಿಕ್ಕಿಸಿದ ಬೆಲ್ಟಿನ ತೊಡೆಯ ಪಟ್ಟಿ ಒತ್ತಿತು. ಒಂದು ಊದಿದರು. ಹಗ್ಗ ನಿಂತಿತು.

ಆಗ ಅವರಿಗೆ ಸೀನು ಬಂತು.

ಸೀಟಿ ಠಣ್ಣೆಂದು ತಳ ಸೇರಿದ ಸದ್ದು ಅವರಿಗಷ್ಟೇ ಕೇಳಿಸಿತು. ಮೇಲೆ ತಟ್ಟೆಯಷ್ಟಗಲದ ಆಕಾಶ, ಕೆಳಗೆ ಕತ್ತಲೆ, ನಡುವೆ ತೂಗುವ ಜನಾರ್ದನ.

"ಹನುಮಂತಾ, ಸೀಟಿ ಬಿತ್ತು ಮಾರಾಯ. ಎಳಿ."

ಮೇಲಿನಿಂದ ನಂಜುಂಡನ ದನಿ ತಣ್ಣಗೆ ಕೇಳಿಸಿತು. "ಶುರು ಮಾಡ್ಕೊಂಡ್ರು ಕಣಣ್ಣ. ಹೋದ್ ತಿಂಗ್ಳು ಥರಾನೇ."

"ಈ ಸಲ ಭಾಳ ಚಂದ ಅಂಜ್ಯಾರ," ಎಂದ ಹನುಮಂತ.

"ಪರೀಕ್ಷೆ ಅಲ್ಲ ಮಾರಾಯ್ರೆ. ನನ್ನ ಕಾಲು ಜೋಮು ಹಿಡೀತಾ ಉಂಟು."

"ಹಂಗಂತಾರ ಅಂತ ನೀವs ಹೇಳಿದ್ರಲ್ರೀ ಸರ್."

ಹೇಳಿದ್ದು ನಿಜ. ಬೋರ್ಡಿನ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಬರೆದವರೂ ಅವರೇ. ಬೆಲ್ಟಿನಲ್ಲಿ ಅಲುಗಾಡದೆ ತೂಗಿದವನ ರಕ್ತ ಕಾಲಿನಲ್ಲೇ ನಿಲ್ಲುತ್ತದೆ. ಹತ್ತು ನಿಮಿಷಕ್ಕೆ ಜೋಮು, ಇಪ್ಪತ್ತಕ್ಕೆ ಕಣ್ಣುಕತ್ತಲೆ, ಆಮೇಲಿನದನ್ನು ಬರೆಯಲು ಬೋರ್ಡಿನಲ್ಲಿ ಜಾಗವಿರಲಿಲ್ಲ. ಈಗ ಎಡಗಾಲು ಯಾರದೋ ಕಾಲಿನಂತಿತ್ತು. ಗೋಡೆಗೆ ಒದೆಯೋಣವೆಂದರೆ ಗೋಡೆ ಎರಡೂ ಕಡೆ ಆರಡಿ ದೂರ. ಬಾಯಲ್ಲೇ ಸಿಳ್ಳೆ ಹಾಕಲು ನೋಡಿದರು. ಒಣಗಿದ ತುಟಿಯಿಂದ ಗಾಳಿ ಮಾತ್ರ ಬಂತು.

"ಅದು ಸೀಟಿ ಏನೋ?" ಎಂದ ಹನುಮಂತ.

"ಉಸ್ರು ಕಣಣ್ಣ," ಎಂದ ನಂಜುಂಡ.

ಜನಾರ್ದನ ಬೈದರು. ಮೇಲಿನವರು ಅದನ್ನೂ ಪಾಠದ ಭಾಗವೆಂದು ಮೆಚ್ಚಿಕೊಂಡರು. ಬೇಡಿಕೊಂಡರು, ಹಗ್ಗ ಅಲುಗಲಿಲ್ಲ. ಬಲಗಾಲೂ ಬಿಟ್ಟುಹೋಯಿತು. ತಟ್ಟೆಯಷ್ಟಿದ್ದ ಆಕಾಶ ಬಟ್ಟಲಿನಷ್ಟಾಯಿತು.

ಅಷ್ಟರಲ್ಲಿ ಪಕ್ಕದ ಕ್ಯಾಂಟೀನಿನಲ್ಲಿ ಮುನ್ನೂರು ಜನರ ದಾಲ್ ಬೇಯುತ್ತಿದ್ದ ಕುಕ್ಕರು ಸೀಟಿ ಹೊಡೆಯಿತು. ಹಿಂದೆಯೇ ಇನ್ನೊಂದು.

"ಎರಡಾತು," ಎಂದ ಹನುಮಂತ.

"ಅದು ಕುಕ್ಕರ್ ಅಲ್ವಾ?"

"ಯಾರ ಸೀಟಿ ಅಂತ ಸರ್ ಎಲ್ಲೆ ಹೇಳ್ಯಾರ? ಎಳಿ."

ರಾಟೆ ತಿರುಗಿತು. ಜನಾರ್ದನ ಸರಸರನೆ ಏರಿದರು. ಹೆಲ್ಮೆಟ್ಟು ಹೊರಬಂತು, ಮೂಗು ಹೊರಬಂತು, ಬಿಸಿಲು ಮುಖಕ್ಕೆ ಬಡಿಯಿತು. ಹನುಮಂತನ ಬೂಟು ಒಂದು ಗೇಣು ದೂರದಲ್ಲಿತ್ತು. ಕೈ ಬಿಚ್ಚಿದ್ದರೆ ಹಿಡಿದುಬಿಡುತ್ತಿದ್ದರು.

ಕುಕ್ಕರು ಮೂರನೆಯ ಸೀಟಿ ಹೊಡೆಯಿತು.

"ಬೇಡ ಹನುಮಂತಾ," ಎಂದರು ಜನಾರ್ದನ, ಮೆಲ್ಲಗೆ, ಮನುಷ್ಯ ಮನುಷ್ಯನಿಗೆ ಹೇಳುವ ಹಾಗೆ.

ಹನುಮಂತ ಮುಖ ತಿರುಗಿಸಿದ. ಸಿಕ್ಕಿಕೊಂಡವನ ಕಣ್ಣು ನೋಡಿದರೆ ಮನಸ್ಸು ಕರಗುತ್ತದೆ, ನೋಡಬಾರದು. ಅದೂ ಪಾಠದಲ್ಲಿತ್ತು. ಬಿಸಿಲು ಹೋಯಿತು. ಮೂವತ್ತಡಿಯೂ ಇಳಿಸಿ, ತಳಕ್ಕೆ ಮುಟ್ಟಿಸಿ, ಇಬ್ಬರೂ ಹಗ್ಗ ಹಿಡಿದು ಕಾದರು. ಅಡುಗೆಯವನು ಒಲೆ ಆರಿಸಿದ.

ತಳದ ಕಬ್ಬಿಣದ ಮೇಲೆ ಜನಾರ್ದನ ಮಗುಚಿಬಿದ್ದರು. ಬೆಲ್ಟಿನ ಬಿಗಿ ಸಡಿಲವಾಗಿ ಕಾಲಿಗೆ ಸಾವಿರ ಸೂಜಿ ಚುಚ್ಚಿದವು. ಅಷ್ಟು ಸುಖದ ನೋವು ಅವರಿಗೆ ಇನ್ನೆಂದೂ ಆಗಿಲ್ಲ. ಉರುಳಿ, ತೆವಳಿ, ಕೆನ್ನೆಯಿಂದ ನೆಲ ತಡವಿ ಕೊನೆಗೆ ಸೀಟಿಯನ್ನು ಹಲ್ಲಿಗೆ ಸಿಕ್ಕಿಸಿಕೊಂಡರು. ಎರಡು ಸಲ ಊದಿದರು. ಆಮೇಲೆ ಸೀನು ಬಂದರೂ ಬಾಯಿ ತೆರೆಯಲಿಲ್ಲ.

ಹೊರಗೆಳೆದು ಕೂರಿಸಿದಾಗ ಇಬ್ಬರೂ ಅಟೆನ್ಷನ್ನಿನಲ್ಲಿ ನಿಂತಿದ್ದರು.

"ಪಾಸಾದ್ವಾ ಸಾರ್?" ಎಂದ ನಂಜುಂಡ.

ಜನಾರ್ದನ ಬಹಳ ಹೊತ್ತು ಕಾಲು ನೀವಿಕೊಂಡರು. ಬೈಯಲು ಒಂದು ತಪ್ಪೂ ಸಿಗಲಿಲ್ಲ. "ಪಾಸು ಮಾರಾಯ," ಎಂದರು. ಮರುದಿನ ವಡೋದರಾ ಪೇಟೆಯಿಂದ ಇನ್ನೆರಡು ಸೀಟಿ ತಂದು ಇಬ್ಬರ ಕೊರಳಿಗೂ ತಾವೇ ಹಾಕಿದರು. ಒಳಗಿನವನು ಕರೆದರೆ ಮೇಲಿನವನು ಬಗ್ಗಿ ನೋಡಬೇಕೆಂದು ಬೋರ್ಡಿನಲ್ಲಿ ಬರೆದರು.

ಆದರೆ ಮೈಗೆ ಹತ್ತಿದ ಪಾಠ ಬೋರ್ಡು ಒರೆಸಿದರೆ ಹೋಗುವುದಿಲ್ಲ. ಅವರ ಮನೆಯಲ್ಲಿ ಇವತ್ತಿಗೂ ಅನ್ನ ಪಾತ್ರೆಯಲ್ಲೇ ಬೇಯುವುದು, ಯಾಕೆಂದರೆ ಕುಕ್ಕರು ಎರಡು ಸಲ ಕೂಗಿತೆಂದರೆ ಜನಾರ್ದನ ಎಲ್ಲಿದ್ದರೂ, ಬಾಯಲ್ಲಿ ತುತ್ತಿದ್ದರೂ... ಹಾಂ, ಕೇಳಿಸಿತಲ್ಲ, ಕಮಲಕ್ಕನ ಒಲೆಯ ಮೇಲೆ ಒಂದು. ಈಗ ನೋಡಿ, ಎರಡಾಯಿತು, ಇಡ್ಲಿ ಅರ್ಧಕ್ಕೇ ಬಿಟ್ಟು ಎದ್ದರು. ಜನಾರ್ದನರೇ, ಸ್ವಲ್ಪ ಕೂತುಕೊಳ್ಳಿ, ಮೂರನೆಯದು ಆಗುವ ಮೊದಲು ನೀವೇ ಇವರಿಗೆ ಒಂದು ಮಾತು... ಹಾಂ, ಮೂರಾಯಿತು, ಕೂತೇಬಿಟ್ಟರು.