ಸಲಾಕೆಯ ಇನ್ನೊಂದು ತುದಿ

ನಾನು ಒಂದು ಮೋಟಾರ್ ಸೈಕಲ್ಲು. ಒಂದೇ ಸಿಲಿಂಡರಿನದು, ಹಳೆಯ ಕಾಲದ್ದು. ಮದ್ರಾಸಿನ ಹತ್ತಿರದ ಕಾರ್ಖಾನೆಯೊಂದರಲ್ಲಿ, ೧೯೬೩ರ ಬೇಸಿಗೆಯಲ್ಲಿ, ಕರಗಿದ ಲೋಹವಾಗಿ ಮರಳಿನ ಅಚ್ಚಿಗೆ ಇಳಿದೆ. ಹೊರಗೆ ಬಿಸಿಲು, ಒಳಗೆ ಕುಲುಮೆ. ನನ್ನನ್ನು ಎರಕ ಹೊಯ್ದವರು ಬೆವರು ಒರೆಸಿಕೊಳ್ಳುತ್ತ ಊಟಕ್ಕೆ ಹೋದರು, ನಾನು ತಣ್ಣಗಾದೆ. ಹುಟ್ಟಿದ್ದು ಅಷ್ಟು ಸರಳ.

ನನಗಿರುವುದು ಒಂದೇ ಕಣ್ಣು. ಬಾಯಿಯಂತೂ ಇಲ್ಲವೇ ಇಲ್ಲ. ಸೈಲೆನ್ಸರಿನಿಂದ ಬರುವುದನ್ನು ಮಾತು ಎಂದು ನೀವು ತಿಳಿದಿದ್ದರೆ ಅದು ನಿಮ್ಮ ದೊಡ್ಡತನ. ಅದು ಬರೀ ಉಸಿರು. ಆದರೆ ಕಿವಿಯ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ. ಕಬ್ಬಿಣಕ್ಕೆ ಮೈಯೆಲ್ಲ ಕಿವಿ. ಸೀಟಿನ ಮೇಲೆ ಕುಳಿತವನ ಎದೆಬಡಿತ ಸ್ಪ್ರಿಂಗಿನ ಸುರುಳಿಗಳಲ್ಲಿ ಇಳಿದು ನನ್ನ ತನಕ ಬರುತ್ತದೆ. ಸವಾರರಿಗೆ ಇದು ಗೊತ್ತಿಲ್ಲ. ಗೊತ್ತಿದ್ದರೆ ಎಷ್ಟೋ ಜನ ನಡೆದುಕೊಂಡೇ ಹೋಗುತ್ತಿದ್ದರು.

ನನ್ನ ಮೊದಲ ಒಡೆಯ ನೀರಾವರಿ ಇಲಾಖೆಯ ಓವರ್‌ಸಿಯರ್. ಕಾಲುವೆ ದಂಡೆಯ ಮಣ್ಣುದಾರಿಯಲ್ಲಿ ನನ್ನನ್ನು ಹದಿನಾಲ್ಕು ವರ್ಷ ಕುಣಿಸಿ, ವರ್ಗವಾದಾಗ ಮಾರಿಬಿಟ್ಟ. ಎರಡನೆಯವನು ಗದಗಿನ ದನದ ಆಸ್ಪತ್ರೆಯ ಕಂಪೌಂಡರ್ ಚನ್ನಬಸಯ್ಯ. ಮೆಲುದನಿಯ ಮನುಷ್ಯ. ಎಮ್ಮೆಯ ಸೂಜಿ, ಔಷಧದ ಬಾಟಲಿಗಳನ್ನು ಚೀಲದಲ್ಲಿಟ್ಟು ಹಳ್ಳಿ ಹಳ್ಳಿ ಸುತ್ತುತ್ತಿದ್ದ. ಒಂದು ಮಧ್ಯಾಹ್ನ ಲಕ್ಷ್ಮೇಶ್ವರದ ದಾರಿಯಲ್ಲಿ ಅವನ ಎದೆಯ ಲಯ ಕೆಟ್ಟಿತು. ಎರಡು ಏಟು, ಒಂದು ತೆರಪು, ಮತ್ತೆ ಒಂದರ ಮೇಲೊಂದು ಮೂರು ಏಟು. ಅವನು ಬೇವಿನ ಮರದ ನೆರಳಿಗೆ ಬಂದು, ನನ್ನನ್ನು ಸ್ಟ್ಯಾಂಡಿಗೆ ಹಾಕಿ, ಇಂಜಿನ್ ಬಂದ್ ಮಾಡದೆ ಹಾಗೇ ಕುಳಿತ. ಸ್ವಲ್ಪ ಹೊತ್ತಿಗೆ ಮೇಲಿನ ಬಡಿತ ನಿಂತಿತು, ಕೆಳಗಿನದು ನಡೆದೇ ಇತ್ತು. ಹ್ಯಾಂಡಲ್ ಹಿಡಿದು ಕುಳಿತವನಿಗೆ ಕುರಿ ಕಾಯುವವರು ದೂರದಿಂದ ನಮಸ್ಕಾರ ಮಾಡಿ ಹೋದರು. ಪೆಟ್ರೋಲ್ ತೀರಿ ನಾನು ಸುಮ್ಮನಾದ ಮೇಲೆಯೇ ಜನಕ್ಕೆ ಅನುಮಾನ ಬಂದದ್ದು.

ಆಮೇಲೆ ನನಗೆ 'ಹೆಣ ಹೊತ್ತ ಗಾಡಿ' ಎಂಬ ಹೆಸರು ಅಂಟಿತು. ಇಪ್ಪತ್ತೆರಡು ವರ್ಷ ಹೊಟ್ಟಿನ ಕೋಣೆಯಲ್ಲಿ ಬಿದ್ದಿದ್ದೆ. ಕೊನೆಗೆ ನಿವೃತ್ತ ಡ್ರಾಯಿಂಗ್ ಮಾಸ್ತರ ವಾಸುದೇವ ಕುಲಕರ್ಣಿಯವರು ಹಳೆಯ ಗಾಡಿಯ ಹುಚ್ಚಿಗೆ ನನ್ನನ್ನು ಕೊಂಡು, ಗದಗಿನ ಮುಳಗುಂದ ನಾಕಾ ಎಂಬ ಕೂಡುರಸ್ತೆಯ ಕಾಳಪ್ಪ ಕಮ್ಮಾರನ ಗ್ಯಾರೇಜಿಗೆ ತಳ್ಳಿಸಿಕೊಂಡು ಬಂದರು.

ಕಾಳಪ್ಪನ ಬಗ್ಗೆ ಹೇಳಲೇಬೇಕು. ನಲವತ್ತು ವರ್ಷ ಇಂಜಿನ್‌ಗಳ ನಡುವೆ ಬದುಕಿ ಅವನ ಕಿವಿ ಹೋಗಿತ್ತು. ಜೋರಾಗಿ ಕೂಗಿದರೆ ಮಾತು ಕೇಳುತ್ತಿತ್ತು, ಇಂಜಿನ್ನಿನ ಸಣ್ಣ ಸದ್ದು ಕೇಳುತ್ತಿರಲಿಲ್ಲ. ಮೆಕ್ಯಾನಿಕ್‌ಗೆ ಅದು ಕೇಳದಿದ್ದರೆ ಕತೆ ಮುಗಿದಂತೆಯೇ. ಆದರೆ ಅವನ ಹತ್ತಿರ ಮೊಳದುದ್ದದ ಒಂದು ಉಕ್ಕಿನ ಸಲಾಕೆ ಇತ್ತು. ಒಂದು ತುದಿಯನ್ನು ಹಲ್ಲಿನಲ್ಲಿ ಗಟ್ಟಿಯಾಗಿ ಕಚ್ಚಿ, ಇನ್ನೊಂದನ್ನು ಇಂಜಿನ್ನಿಗೆ ಆನಿಸಿ, ಕಣ್ಣು ಮುಚ್ಚುತ್ತಿದ್ದ. ಸದ್ದು ಹಲ್ಲಿನಿಂದ ತಲೆಬುರುಡೆಗೆ ಹತ್ತುತ್ತಿತ್ತು. 'ಕಾಳಪ್ಪ ಹಲ್ಲಿಲೆ ಕೇಳ್ತಾನ' ಎಂದು ಊರೆಲ್ಲ ಹೊಗಳುತ್ತಿತ್ತು. ಅದು ವಿದ್ಯೆಯಲ್ಲ, ಬೇರೆ ಗತಿಯಿಲ್ಲದೆ ಹಿಡಿದ ದಾರಿ ಎಂಬುದು ಅವನ ಹೆಂಡತಿ ಈರವ್ವನಿಗೆ ಮಾತ್ರ ಗೊತ್ತಿತ್ತು. ಮುಂದಿನ ಒಂದು ಹಲ್ಲು ಬಿದ್ದಾಗ ಅವನು ಎರಡು ಹೊತ್ತು ಉಂಡಿರಲಿಲ್ಲವಂತೆ.

ಅವನು ನನ್ನ ಮೇಲ್ಭಾಗವನ್ನೆಲ್ಲ ಬಿಚ್ಚಿದ. ಸಿಲಿಂಡರನ್ನು ಹುಬ್ಬಳ್ಳಿಗೆ ಒಯ್ದು, ಸವೆದ ಒಳಮೈ ಸಮವಾಗುವಂತೆ ಬೋರ್ ಮಾಡಿಸಿದ. ಹೊಸ ಪಿಸ್ಟನ್, ಹೊಸ ರಿಂಗು ಹಾಕಿದ. ವಾಲ್ವ್‌ಗಳನ್ನು ಕೈಯಿಂದಲೇ ಉಜ್ಜಿ ಕೂರಿಸಿದ. ಅಷ್ಟು ಮೃದುವಾದ ಕೈ ನನ್ನನ್ನು ಹಿಂದೆಂದೂ ಮುಟ್ಟಿರಲಿಲ್ಲ. ಏಳನೆಯ ಕಿಕ್ಕಿಗೆ ನಾನು ಎದ್ದೆ. ಮಾಸ್ತರರು ಚಪ್ಪಾಳೆ ತಟ್ಟಿದರು. ಕಾಳಪ್ಪ ಏದುಸಿರು ಬಿಡುತ್ತ ಸಲಾಕೆ ಕಚ್ಚಿದ. ಅವನ ಮುಖ ಇಳಿಯಿತು.

"ಒಳಗ ಬಡಿತ ಐತ್ರೀ ಮಾಸ್ತರ."

"ನನಗೇನೂ ಕೇಳ್ಸವಲ್ದಲ್ಲೋ ಕಾಳಪ್ಪ! ಗಡಿಯಾರ ನಡದಂಗ ನಡದೈತಿ."

"ನಿಮಗ ಕೇಳ್ಸೂದಿಲ್ರೀ. ಇದು ಆಳದಾಗ ಐತಿ. ಹಿಂಗs ಕೊಟ್ಟು ಕಳಸಿದ್ರ ನಾಳೆ ನೀವು ದಾರ್‍ಯಾಗ ಬೀಳ್ತೀರಿ."

ವಾಲ್ವ್ ಎತ್ತುವ ಟ್ಯಾಪೆಟ್ ಸಡಿಲವಿರಬಹುದೆಂದು ಬಿಗಿ ಮಾಡಿದ. ಬಡಿತ ಹೋಗಲಿಲ್ಲ. ಎಲ್ಲ ಬಿಚ್ಚಿ ಪಿಸ್ಟನ್ನಿನ ಪಿನ್ನು ಬದಲಿಸಿದ. ಹೋಗಲಿಲ್ಲ. ರಿಂಗುಗಳನ್ನು ತೆಗೆದು, ಅಳೆದು, ಮತ್ತೆ ಹಾಕಿದ. ಆಗಲೂ ಇತ್ತು. ಆಮೇಲೆ ಅವನು ಒಂದು ಸಂಗತಿ ಗಮನಿಸಿದ. ಇಂಜಿನ್ನಿನ ಯಾವ ಸದ್ದಾದರೂ ರೇಸ್ ಕೊಟ್ಟರೆ ಚುರುಕಾಗಬೇಕು, ಬಿಟ್ಟರೆ ನಿಧಾನವಾಗಬೇಕು. ಈ ಬಡಿತ ಹಾಗಲ್ಲ. ನಾನು ಜೋರಾಗಿ ತಿರುಗಿದರೂ ಮೆಲ್ಲಗೆ ತಿರುಗಿದರೂ ಅದು ತನ್ನಷ್ಟಕ್ಕೆ ಬಡಿಯುತ್ತಿತ್ತು. ಕಾಳಪ್ಪ ಬಾಯಿಂದ ಸಲಾಕೆ ತೆಗೆದು ನನ್ನನ್ನು ಬಹಳ ಹೊತ್ತು ನೋಡಿದ. ಇಂಜಿನ್ನಿನ ಮಾತು ಕೇಳದ ಬಡಿತವೊಂದು ಇಂಜಿನ್ನಿನೊಳಗೆ ಹೇಗೆ ಬಂತು?

"ಮಾಸ್ತರ, ಈ ಗಾಡಿ ಮೊದ್ಲ ಯಾರದಿತ್ತು?"

ಮಾಸ್ತರರು ತಡವರಿಸುತ್ತ ಚನ್ನಬಸಯ್ಯನ ಕತೆ ಹೇಳಿದರು. ಮರುದಿನ ನನ್ನ ಹ್ಯಾಂಡಲ್ಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ತೂಗಿದವು. ಗಾಲಿಯ ಮುಂದೆ ತೆಂಗಿನಕಾಯಿ ಒಡೆಯಿತು. ಬಡಿತ ಎಲ್ಲಿಗೂ ಹೋಗಲಿಲ್ಲ.

ಓದುಗರೇ, ಆ ಸದ್ದು ನನ್ನದಲ್ಲ. ಕಂಪೌಂಡರನ ದೆವ್ವದ್ದೂ ಅಲ್ಲ. ಸಲಾಕೆಗೆ ಎರಡು ತುದಿ. ನನ್ನ ಸದ್ದು ಅವನ ಹಲ್ಲಿಗೆ ಹತ್ತುವ ದಾರಿಯಲ್ಲೇ ಅವನ ಸದ್ದು ನನಗೆ ಇಳಿಯುತ್ತಿತ್ತು. ಎರಡು ಏಟು, ಒಂದು ತೆರಪು, ಒಂದರ ಮೇಲೊಂದು ಮೂರು ಏಟು. ಬೇವಿನ ಮರದಡಿ ಕೇಳಿದ ಅದೇ ಲಯ. ಸಲಾಕೆ ಸುಳ್ಳು ಹೇಳಿರಲಿಲ್ಲ. ಯಾರ ಸುದ್ದಿ ಎಂಬುದಷ್ಟೇ ಅವನಿಗೆ ತಪ್ಪಿತ್ತು. ತನ್ನ ಎದೆಯ ಕೇಡನ್ನು ಅವನು ನನ್ನ ಹೊಟ್ಟೆಯಲ್ಲಿ ಹುಡುಕುತ್ತಿದ್ದ. ನನ್ನ ಗುಂಗಿನಲ್ಲಿ ಆ ದಿನಗಳಲ್ಲಿ ಬೇರೆ ಯಾವ ಇಂಜಿನ್ನಿಗೂ ಅವನು ಸಲಾಕೆ ಹಚ್ಚಿರಲಿಲ್ಲ. ಹುಡುಕಲು ನನ್ನನ್ನು ಎತ್ತಬೇಕು, ಜಗ್ಗಬೇಕು, ಒದೆಯಬೇಕು. ಒಂದೊಂದು ಕಿಕ್ಕಿಗೂ ಅವನ ಬಡಿತ ಹೆಚ್ಚು ಹೆಚ್ಚು ತಪ್ಪುತ್ತಿತ್ತು. ಇನ್ನೊಬ್ಬನನ್ನು ಸಾಯಿಸಿದ ಗಾಡಿ ಅನ್ನಿಸಿಕೊಳ್ಳುವ ಭಯಕ್ಕಿಂತ, ಅವನ ಆ ಮೃದುವಾದ ಕೈ ತಣ್ಣಗಾಗುವುದನ್ನು ಕೇಳಬೇಕಲ್ಲ ಎಂಬ ಭಯ ದೊಡ್ಡದಾಗಿತ್ತು. ಹೇಳೋಣವೆಂದರೆ ಬಾಯಿಲ್ಲ. ನನ್ನಿಂದಾದದ್ದು ಒಂದೇ. ಅವನು ಕಾಲಿಟ್ಟ ಕೂಡಲೇ ಮೊದಲ ಕಿಕ್ಕಿಗೇ ಏಳತೊಡಗಿದೆ.

ಅದೂ ತಿರುಗುಬಾಣವಾಯಿತು. "ನೋಡ್ರಿ, ಮುಟ್ಟೂದಕ್ಕs ಏಳಾಕತ್ತೈತಿ. ಇದರಾಗ ಏನೋ ಸೇರೇತಿ," ಎಂದ ಕಾಳಪ್ಪ.

ಆ ತಿಂಗಳ ಅಮಾವಾಸ್ಯೆ ಬಂತು. ನಮ್ಮ ಕಡೆ ಆ ದಿನ ಗ್ಯಾರೇಜುಗಳಿಗೆ ರಜೆ. ನಾಕಾದಲ್ಲಿ ಒಂದು ಸುತ್ತಿಗೆಯ ಸದ್ದೂ ಇರಲಿಲ್ಲ. ನಡುಮಧ್ಯಾಹ್ನ ಕಾಳಪ್ಪ ಒಬ್ಬನೇ ಬಂದು, ಅರ್ಧ ಬಾಗಿಲು ತೆರೆದು, ನನ್ನ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತ. ನನ್ನನ್ನು ಚಾಲೂ ಮಾಡಲಿಲ್ಲ. ಎರಡು ದಿನದಿಂದ ನಾನು ತಣ್ಣಗಿದ್ದೆ, ಪೆಟ್ರೋಲ್ ಕೂಡ ತೆಗೆದಿಟ್ಟಿದ್ದ. ಹಲ್ಲಿನಲ್ಲಿ ಸಲಾಕೆ ಕಚ್ಚಿ, ಅದನ್ನು ನನ್ನ ಸಿಲಿಂಡರಿನ ನೆತ್ತಿಗೆ ಆನಿಸಿದ.

ಬಡಿಯುತ್ತಿತ್ತು. ಸತ್ತ ಇಂಜಿನ್ನಿನೊಳಗೆ ಬಡಿಯುತ್ತಿತ್ತು.

ಸಲಾಕೆ ನೆಲಕ್ಕೆ ಬಿದ್ದ ಸದ್ದಿಗೆ, ಬುತ್ತಿ ತಂದಿದ್ದ ಈರವ್ವ ಓಡಿ ಬಂದಳು. ಅವನ ಬನಿಯನ್ ಬೆವರಿಗೆ ತೊಯ್ದಿತ್ತು.

"ಬಂದ್ ಐತಿ, ಆದ್ರೂ ಬಡ್ಯಾಕತ್ತೈತಿ," ಎಂದ ಅವನು, ಗೋಡೆಗೆ ಒರಗಿ.

ಈರವ್ವ ಗಟ್ಟಿ ಹೆಣ್ಣು. ಬುತ್ತಿ ಕೆಳಗಿಟ್ಟಳು. ಸಲಾಕೆಯನ್ನು ಸೆರಗಿನಿಂದ ಒರೆಸಿ, ಗಂಡ ಕಚ್ಚಿದಂತೆಯೇ ಕಚ್ಚಿ, ನನ್ನ ಮೇಲೆ ಇಟ್ಟಳು. ಅವಳ ಬಡಿತ ನನಗೆ ಇಳಿದು ಬಂತು, ಒಕ್ಕಲು ಮನೆಯ ಒನಕೆಯ ಏಟಿನಷ್ಟು ಸಮ. ಅವಳಿಗೆ ನನ್ನಿಂದ ಏನೂ ಕೇಳಿಸಲಿಲ್ಲ. ತಲೆಯಾಡಿಸಿದಳು. ಗಂಡನ ಕಡೆ ತಿರುಗಿದಳು. ಬಿಳುಚಿದ ತುಟಿ, ಕುತ್ತಿಗೆಯಲ್ಲಿ ಪುಟಪುಟನೆ ಹಾರುವ ನರ. ಏನು ಹೊಳೆಯಿತೋ, ಸಲಾಕೆಯನ್ನು ಬಾಯಿಂದ ಬಿಡದೆ ಅದರ ತುದಿಯನ್ನು ಅವನ ಎದೆಗೆ ಇಟ್ಟಳು.

ಬಹಳ ಹೊತ್ತು ಹಾಗೇ ನಿಂತಿದ್ದಳು. ಅವಳ ಮುಖದಲ್ಲಿ ಬಣ್ಣ ಉಳಿಯಲಿಲ್ಲ.

"ಗಾಡ್ಯಾಗ ಇಲ್ರೀ ಅದು," ಎಂದು ಅವನ ಕಿವಿಯ ಹತ್ತಿರ ಕೂಗಿದಳು. "ಇಲ್ಲಿ ಐತಿ."

"ನನಗೇನಾಗೇತಿ? ಕಲ್ಲಿದ್ದಂಗ ಅದೇನಿ. ಹುಚ್ಚಿ ಅದೀ ನೀ."

"ಸಲಾಕಿ ಸುಳ್ಳ ಹೇಳೂದಿಲ್ಲ ಅಂತ ಊರಿಗೆಲ್ಲ ಹೇಳಾವ್ರು ನೀವs. ಏಳ್ರಿ."

ಅವನು ಏಳಲು ಹೋಗಿ ಕುಸಿದ. ನಾಕಾದ ಆಟೋದವರು ಎತ್ತಿಕೊಂಡು ಹೋದರು. ಹುಬ್ಬಳ್ಳಿಯಲ್ಲಿ ಅವನ ಎದೆ ಬಿಚ್ಚಿ, ಕೆಟ್ಟಿದ್ದ ಕವಾಟ ತೆಗೆದು ಲೋಹದ್ದೊಂದನ್ನು ಕೂರಿಸಿದರಂತೆ. ಇನ್ನೆರಡು ದಿನ ತಡವಾಗಿದ್ದರೆ ಆಸೆ ಇರಲಿಲ್ಲ ಎಂದರಂತೆ ಡಾಕ್ಟರು. ಇದನ್ನು ಮಾಸ್ತರರು ಬಾಗಿಲಲ್ಲಿ ನಿಂತು ಯಾರಿಗೋ ಹೇಳುವಾಗ ಕೇಳಿಸಿಕೊಂಡೆ. ಅವರು ನನ್ನನ್ನು ಒಯ್ಯಲಿಲ್ಲ. ಮನೆಯಾಕೆ ಒಪ್ಪಲಿಲ್ಲವಂತೆ.

ನಾಲ್ಕು ತಿಂಗಳ ಮೇಲೆ ಕಾಳಪ್ಪ ಬಂದ. ಅರ್ಧ ಆಗಿದ್ದ. ಅವನು ಬಾಗಿಲಿಗೆ ಬರುವ ಮೊದಲೇ ನನಗೆ ತಿಳಿಯಿತು. ಟಿಕ್, ಟಿಕ್, ಟಿಕ್. ಆ ಹೊಸ ಲೋಹ ಎದೆಯೊಳಗಿಂದ ಮೆಲ್ಲಗೆ ಸದ್ದು ಮಾಡುತ್ತಿತ್ತು. ಹತ್ತಿರ ನಿಂತ ಗಿರಾಕಿಗಳು ತಮ್ಮ ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ಎಲ್ಲರೂ ಹೋದ ಮೇಲೆ ಅವನು ನನ್ನನ್ನು ಚಾಲೂ ಮಾಡಿ, ಸಲಾಕೆ ಕಚ್ಚಿದ. ಕಣ್ಣು ಮುಚ್ಚಿದ. ಅವನಿಗೆ ಕೇಳಿದ್ದು ತನ್ನ ಟಿಕ್ ಟಿಕ್ ಮಾತ್ರ. ಅದರಾಚೆ ಇಂಜಿನ್ ಇದೆಯೋ ಇಲ್ಲವೋ ತಿಳಿಯಲಿಲ್ಲ. ಸಲಾಕೆಯನ್ನು ಮೊಳೆಗೆ ತೂಗುಹಾಕಿ, ನನ್ನ ಟ್ಯಾಂಕಿಗೆ ಹಣೆ ಹಚ್ಚಿ ಅತ್ತ. ನಲವತ್ತು ವರ್ಷ ಊರಿನ ಇಂಜಿನ್‌ಗಳನ್ನೆಲ್ಲ ಕೇಳಿದವನು ಇನ್ನು ತನ್ನನ್ನಷ್ಟೇ ಕೇಳಿಕೊಂಡಿರಬೇಕು. ನನಗೂ ಅಳು ಬಂದಿತ್ತು, ಆದರೆ ನಮ್ಮಲ್ಲಿ ಒಸರುವುದು ಎಣ್ಣೆ.

ಈಗ ನಾನು ಗ್ಯಾರೇಜಿನ ಹಿಂದಿನ ಮೂಲೆಯಲ್ಲಿದ್ದೇನೆ. ಟೈರುಗಳು ಇಳಿದಿವೆ. ಕಾಳಪ್ಪ ಪಂಕ್ಚರ್, ಕೇಬಲ್ಲು, ಬ್ರೇಕು ಎಂದು ಕಿವಿ ಬೇಡದ ಕೆಲಸ ಮಾಡುತ್ತಾನೆ. ಉಂಡ ಮೇಲೆ ಬಂದು ನನ್ನ ಸೀಟಿನ ಮೇಲೆ ಕುಳಿತು ತೂಕಡಿಸುತ್ತಾನೆ. ಹೆಣ ಹೊತ್ತ ಗಾಡಿ ಎಂದು ಈರವ್ವ ಬೈದರೂ ಕೇಳುವುದಿಲ್ಲ. ಅವನು ಕೂತಷ್ಟು ಹೊತ್ತೂ ನಾನು ಎಣಿಸುತ್ತೇನೆ. ಒಂದೂ ಬಿಡದೆ ಎಣಿಸುತ್ತೇನೆ. ಮುದಿತನದಲ್ಲಿ ನನಗೆ ಉಳಿದಿರುವ ಉದ್ಯೋಗ ಇದೊಂದೇ.

ನಿನ್ನೆ ಮಧ್ಯಾಹ್ನ ಒಂದು ಟಿಕ್ ಬರಲಿಲ್ಲ.

ನಾನು ಕಾದೆ. ಅದು ಬಂತು, ತಡವಾಗಿ. ನಾಲ್ಕು ಸರಿಯಾಗಿ ಬಂದವು, ಮತ್ತೊಂದು ತಪ್ಪಿತು. ತೂಕಡಿಸುತ್ತಿದ್ದ ಕಾಳಪ್ಪ ಕಣ್ಣು ತೆರೆದ. ಅಲ್ಲಾಡಲಿಲ್ಲ. ನಿಧಾನವಾಗಿ ಅಂಗೈಯನ್ನು ನನ್ನ ಟ್ಯಾಂಕಿನ ಮೇಲೆ ಇಟ್ಟು, ಬಾಗಿ, ಯಾರಿಗೂ ಕೇಳದಷ್ಟು ಮೆಲ್ಲಗೆ ಅಂದ:

"ನಿನಗೂ ಕೇಳಿಸ್ತೇನ?"

ಆಮೇಲೆ ಎದ್ದು, ಬಾಗಿಲ ಕಡೆ ನಡೆಯುತ್ತ, ಹೆಂಡತಿಯನ್ನು ಕೂಗಿದ.

"ಈರವ್ವಾ, ಆಟೋ ಕರಿ. ದವಾಖಾನಿಗೆ ಹೋಗೂಣು."