ಹಕ್ಕಿಗೊಂದು ಹರಕೆ

ನಮ್ಮ ಮನೆಯವರು, ರೇವಣಸಿದ್ದಯ್ಯನವರು, ಹೈಸ್ಕೂಲ್ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ನಿವೃತ್ತಿ ಸಿಕ್ಕಿದ್ದು ಅವರಿಗೆ, ಅವರ ಬಾಯಿಗಲ್ಲ. ಕೇಳಲು ಶಾಲೆಯ ಹುಡುಗರಿಲ್ಲವಾದ್ದರಿಂದ ಈಗ ಪಾಠವೆಲ್ಲ ನನಗೆ. ಈರುಳ್ಳಿ ಹೆಚ್ಚುವುದು ಹೇಗೆಂದೂ ಪಾಠವಾಗಿದೆ. ನಡುವೆ ನಾನು ಬಾಯಿ ತೆರೆದರೆ "ಇರೇ, ಮುಗಿಸ್ತೀನಿ" ಅನ್ನುತ್ತಾರೆ. ಮುಗಿಸಿದ್ದನ್ನು ನಾನಂತೂ ಕಂಡಿಲ್ಲ.

ಇಂಥವರು ಒಂದು ದಿನ ಕುರುಬರಹಳ್ಳಿಯ ಹಕ್ಕಿ ಅಂಗಡಿಯಿಂದ ಲವ್‌ಬರ್ಡ್ ಒಂದನ್ನು ತಂದರು. ಹಸಿರು ಮೈ, ಕಿತ್ತಳೆ ಮುಖ, ಮುಷ್ಟಿಯಷ್ಟು ಗಾತ್ರ. ಕಿರುಚಿದರೆ ಇಡೀ ಕ್ರಾಸಿಗೆ ಕೇಳಬೇಕು. ಅದಕ್ಕೆ ಮಾನಿಟರ್ ಎಂದು ಹೆಸರಿಟ್ಟರು. ಬಂದ ವಾರವೇ ಅದು ನನ್ನ ಪಂಚಾಂಗದ ಹಾಳೆಯನ್ನು ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ, ಬಾಲದ ಪುಕ್ಕಗಳ ನಡುವೆ ಸಿಕ್ಕಿಸಿಕೊಂಡು ಠೀವಿಯಿಂದ ಓಡಾಡಿತು. ನನ್ನ ಪಿತ್ತ ನೆತ್ತಿಗೇರಿತು.

"ನೋಡ್ರೀ, ಯುಗಾದಿಯೊಳಗೆ ಇದು ನಿಮ್ಮ ಕೈಮೇಲೆ ಕೂರ್ಬೇಕು. ಇಲ್ಲಾಂದ್ರೆ ವಾಪಸ್ ಅಂಗಡಿಗೆ" ಅಂದೆ.

"ಎಂತೆಂಥ ಪುಂಡರನ್ನ ತಿದ್ದಿದೀನಿ ಕಣೇ! ಇದ್ಯಾವ ಲೆಕ್ಕ?"

ದಿನಾ ಬೆಳಿಗ್ಗೆ ನಡುಮನೆಯಲ್ಲಿ ತರಗತಿ ಶುರುವಾಯಿತು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಪಂಜರದ ಬಾಗಿಲು ತೆಗೆದು, ಬೆರಳುಗಳ ನಡುವೆ ನವಣೆ ತೆನೆ ಹಿಡಿದು ಕೂರುತ್ತಿದ್ದರು. ಅಲ್ಲಿಯವರೆಗೆ ಎಲ್ಲ ಸರಿ. ಹಕ್ಕಿ ಒಂದೊಂದೇ ಹೆಜ್ಜೆ ಇಟ್ಟು ಹತ್ತಿರ ಬರುವಷ್ಟರಲ್ಲಿ ಇವರ ಬಾಯಿ ಬಿಚ್ಚಿಕೊಳ್ಳುತ್ತಿತ್ತು.

"ಶಹಬ್ಬಾಸ್ ಮಾನಿಟರ್! ಈಗ ಬಲಗಾಲು ಮುಂದಿಡು. ಏಯ್, ಗಮನ ಎಲ್ಲಿದೆ ನಿಂದು?"

ಬಾಯಿ ಆಡಿದರೆ ಇವರ ಕೈಯೂ ಆಡುತ್ತದೆ. ಅಷ್ಟು ವರ್ಷ ಬೋರ್ಡಿನ ಮುಂದೆ ನಿಂತ ಅಭ್ಯಾಸ. ಹಕ್ಕಿ ಬೆದರಿ, ಸಿಕ್ಕ ಬೆರಳನ್ನು ಕಚ್ಚಿ, ಕರ್ಟನ್ ಕಂಬಿ ಏರಿ ಕೂರುತ್ತಿತ್ತು. ಯುಗಾದಿ ಹತ್ತಿರವಾದಂತೆ ಇವರ ಬೆರಳಿಗೆಲ್ಲ ಪ್ಲಾಸ್ಟರ್ ಬಂತು. ಒಂದು ಬೆಳಿಗ್ಗೆ ತೆನೆಯನ್ನು ಕೆಳಗಿಟ್ಟು, "ಹಕ್ಕಿಗೂ ಬೇಡವಾದೆ ನಾನು" ಅಂದವರೇ ಪಾರ್ಕಿಗೆ ಹೊರಟುಬಿಟ್ಟರು. ನನಗೇ ಪಾಪ ಅನ್ನಿಸಿತು.

ಆ ಬೇಸರದಲ್ಲಿ ಅವರು ಹಕ್ಕಿಯನ್ನು ಪಂಜರಕ್ಕೆ ಸೇರಿಸಿರಲಿಲ್ಲ. ನಾನೂ ಗಮನಿಸದೆ ಅದೇ ನಡುಮನೆಯ ಮೂಲೆಯಲ್ಲಿ ಲಿಂಗಪೂಜೆಗೆ ಕೂತೆ. ಎಡ ಅಂಗೈಯಲ್ಲಿ ಇಷ್ಟಲಿಂಗ, ದೃಷ್ಟಿ ಅದರ ಮೇಲೆ, ಮಾತಿಲ್ಲ, ಮೈ ಅಲುಗಾಡುವಂತಿಲ್ಲ. ಭರ್ರೆಂದು ಸದ್ದಾಯಿತು. ನೋಡಿದರೆ ಮಾನಿಟರ್ ನನ್ನ ಮುಂಗೈ ಮೇಲೆ!

ಶಿವನೇ, ಹಕ್ಕಿಗೂ ಭಕ್ತಿ ಹುಟ್ಟಿತೇ ಎಂದುಕೊಂಡೆ. ಅದು ಬಗ್ಗಿ ತಟ್ಟೆಯಿಂದ ಬಿಲ್ವಪತ್ರೆ ಎಳೆದು, ಕತ್ತರಿಸಿ, ಬಾಲಕ್ಕೆ ಸಿಕ್ಕಿಸಿಕೊಂಡಿತು. ಅದರ ಭಕ್ತಿ ಏನಿದ್ದರೂ ಎಲೆಯ ಮೇಲೆ. ಆದರೂ ಆ ಪುಟ್ಟ ಕಾಲುಗಳ ಬಿಸಿ ನನಗೆ ಹಿತವಾಗಿತ್ತು. ಮರುದಿನ ಇವರು ಪಾರ್ಕಿಗೆ ಹೋದ ಮೇಲೆ ಬೇಕೆಂದೇ ಪಂಜರ ತೆರೆದಿಟ್ಟು ಕೂತೆ, ಮತ್ತೆ ಬಂತು. ಇನ್ನು ಇದನ್ನು ಅಂಗಡಿಗೆ ಕಳಿಸಲು ನನಗೇ ಮನಸ್ಸಿಲ್ಲ. ಆದರೆ ಹಕ್ಕಿ ನನ್ನ ಕೈಗೆ ಬಂತೆಂದು ಇವರಿಗೆ ಹೇಳುವುದು ಹೇಗೆ? ಇರುವ ಇಷ್ಟು ಜೀವವೂ ಕುಗ್ಗಿಹೋದೀತು.

ಇವರೂ ಲಿಂಗಪೂಜೆ ಮಾಡುತ್ತಾರೆ. ಕಾಫಿ ಆರುವುದರೊಳಗೆ, ನಡುನಡುವೆ ಪೇಪರಿನ ಸುದ್ದಿ ಹೇಳುತ್ತ. ಅಂದು ಸಂಜೆ ನಾನೊಂದು ಸುಳ್ಳು ಹೊಸೆದೆ.

"ರೀ, ಹಕ್ಕಿ ನಿಮ್ಮ ಕೈಗೆ ಬರ್ಲಿ ಅಂತ ಹರಕೆ ಹೊತ್ತಿದೀನಿ. ಯುಗಾದಿವರೆಗೂ ನೀವು ನನ್ನ ಜಾಗದಲ್ಲಿ ಕೂತು, ತುಟಿ ಪಿಟಕ್ಕೆನ್ನದೆ ಪೂಜೆ ಮಾಡ್ಬೇಕು."

"ಹರಕೆ ಹೊತ್ತಿದ್ದು ನೀನು, ತೀರಿಸೋದು ನಾನಾ?"

"ಹಕ್ಕಿ ಯಾರದ್ದು?"

ಮಾತಿಗೆ ಸೋಲದ ಮನುಷ್ಯ ಸೋತರು.

ದಿನಾ ಪಂಜರ ತೆರೆದಿಡುವ ಕೆಲಸ ನನ್ನದು. ಮೊದಲ ಬೆಳಿಗ್ಗೆ ಇವರು ಕೆಮ್ಮಿದರು, ಹಕ್ಕಿ ಬರಲಿಲ್ಲ. ಮರುದಿನ ಹಾಲಿನವನಿಗೆ "ಯಾರಪ್ಪಾ?" ಎಂದರು, ಬರಲಿಲ್ಲ. ಯುಗಾದಿಯ ಹಿಂದಿನ ದಿನ ಇವರ ಬಾಯಿ, ಮೈ ಎರಡೂ ಕೊನೆಗೂ ಸುಮ್ಮನಾದವು. ದೃಷ್ಟಿ ಅಂಗೈಯಲ್ಲಿ ನಿಂತಿತು. ಕರ್ಟನ್ ಕಂಬಿಯಿಂದ ಮಾನಿಟರ್ ಇಳಿದು ಬಂದು ಮುಂಗೈ ಮೇಲೆ ಕೂತಿತು. ಇವರ ಕಣ್ಣು ತುಂಬಿ ಬಂತು. ಊರಿಗೆಲ್ಲ ಸಾರಲು ಬಾಯಿ ತೆರೆದರು.

"ಉಸಿರೆತ್ತಿದ್ರೆ ಹಾರಿಹೋಗುತ್ತೆ!" ಎಂದು ಪಿಸುಗುಟ್ಟಿದೆ. ಬಾಯಿ ಮುಚ್ಚಿತು.

ಆಗ ನನಗೆ ಹೊಳೆಯಿತು. ಇವರು ಮಾತಾಡುವಂತಿಲ್ಲ, ಏಳುವಂತಿಲ್ಲ. ಮದುವೆಯಾದಾಗಿನಿಂದ ಇಂಥ ಗಳಿಗೆ ಸಿಕ್ಕಿರಲಿಲ್ಲ. ಸ್ಟೂಲ್ ಎಳೆದುಕೊಂಡು ಎದುರು ಕೂತೆ. ಅಡುಗೆಮನೆಯ ಸೋರುವ ನಲ್ಲಿಯಿಂದ ಮೆಲ್ಲಗೆ ಶುರು ಮಾಡಿದೆ. ಮಗಳು ಸೌಂದರ್ಯಾ ಬಸುರಿಯಾಗಿದ್ದಾಗ ನನಗಾದ ಭಯ ಹೇಳಿದೆ. ಡಾಕ್ಟರು ನನ್ನ ಮಂಡಿಯ ಬಗ್ಗೆ ಅಂದದ್ದು ಹೇಳಿದೆ.

"ಇದನ್ನೆಲ್ಲ ಹೇಳೋಕೆ ಬಂದಾಗೆಲ್ಲ ಇರು ಅಂದ್ರಿ. ಇದ್ದೆ. ಈ ಮನೇಲಿ ನನ್ನ ಒಂದು ಮಾತಿಗೆ ಜಾಗ ಇಲ್ವಲ್ಲಾ ಅಂತ ತುಂಬಾ ದುಃಖ ಆಗ್ತಿತ್ತು ರೀ."

ಇವರು ಹಕ್ಕಿಯನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

ಪತ್ರೆಯೆಲ್ಲ ಕತ್ತರಿಸಿ ಮುಗಿಸಿದ ಮಾನಿಟರ್ ಭರ್ರನೆ ಹಾರಿ ಪಂಜರ ಸೇರಿತು. ಇವರು ಲಿಂಗವನ್ನು ಕರಡಿಗೆಯೊಳಗಿಟ್ಟು ಕೊರಳಿಗೆ ಹಾಕಿಕೊಂಡರು. ಆಯಿತು, ಇನ್ನು ಹಕ್ಕಿ ಪಳಗಿಸುವುದು ಹೇಗೆಂಬ ಭಾಷಣ ಶುರು ಎಂದುಕೊಂಡು ನಾನು ಸ್ಟೂಲಿನಿಂದ ಎದ್ದೆ.

ಇವರು ನನ್ನ ಸೆರಗು ಹಿಡಿದು ಮತ್ತೆ ಕೂರಿಸಿದರು.

"ಆಮೇಲೆ?" ಅಂದರು.